ಫೋಟೋದಲ್ಲಿ ಕಾಣದ ಅಟ್ಟೆ

ಮಗನಿಗೆ ಫುಟ್‌ಬಾಲ್ ಬೂಟು ಕೊಡಿಸಲು ಮರಳೂರಿನ ಅಂಗಡಿಗೆ ಹೋಗಿದ್ದೆ. ಅಟ್ಟೆ ಅಂಟಿಸುವ ಸೊಲ್ಯೂಷನ್ ವಾಸನೆ ಮೂಗಿಗೆ ಬಡಿದದ್ದೇ ನನ್ನ ಅಬ್ಬಾ ನೆನಪಾದರು.

ಗುಬ್ಬಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಅಬ್ಬಾ ಫುಟ್‌ಬಾಲ್ ನೋಡಿದವರೇ ಅಲ್ಲ. ನಾನು ಚಿಕ್ಕವನಿದ್ದಾಗ ಪೇಪರಿನಲ್ಲಿದ್ದ ಸ್ಟಾರ್ ಆಟಗಾರನ ಫೋಟೋ ತೋರಿಸಿ, ಅಂಥದೇ ಬೂಟು ಬೇಕೆಂದು ಹಟ ಹಿಡಿದಿದ್ದೆ. ಬಿಳಿ ಪಟ್ಟಿ, ಉದ್ದನೆಯ ಲೇಸು, ಎಲ್ಲವನ್ನೂ ಫೋಟೋದಲ್ಲಿದ್ದಂತೆಯೇ ಹೊಲಿದುಕೊಟ್ಟರು. ಮೈದಾನದಲ್ಲಿ ಮೊದಲ ಒದೆತಕ್ಕೇ ಜಾರಿಬಿದ್ದೆ. ಹುಡುಗರೆಲ್ಲ ನಕ್ಕರು. ಅಟ್ಟೆ ಚಪ್ಪಲಿಯದ್ದರಂತೆ ನುಣ್ಣಗಿತ್ತು. ನೆಲ ಕಚ್ಚುವ ಸ್ಟಡ್ ಒಂದೂ ಇರಲಿಲ್ಲ.

ಮೊದಲ ಬಾರಿಗೆ ಆಟ ನೋಡಲು ಬಂದಿದ್ದ ಅಬ್ಬಾ ನನ್ನ ಮೊಣಕಾಲಿನ ಮಣ್ಣು ಒರೆಸುತ್ತಾ, "ಫೋಟೋದಲ್ಲಿ ಅಟ್ಟೆ ಕಾಣ್ಲಿಲ್ಲ ಕಣೋ," ಎಂದರು. ಸಂಜೆಯೇ ಲಾರಿ ಟೈರಿನ ತುಂಡುಗಳನ್ನು ಕತ್ತರಿಸಿ, ಸ್ಟಡ್‌ಗಳಂತೆ ಅಟ್ಟೆಗೆ ಮೊಳೆ ಹೊಡೆದು ಕೂರಿಸಿದರು.

"ಪಪ್ಪಾ, ಹಾಕಿರೋದೇ ಗೊತ್ತಾಗಲ್ಲ, ಅಷ್ಟು ಹಗುರ!" ಎಂದು ಮಗ ಅಂಗಡಿಯಲ್ಲಿ ಹಾಕಿ ನೋಡಿದ ಹೊಸ ಬೂಟು ಬಿಚ್ಚಿ ನನ್ನ ಕೈಗಿತ್ತ.

ನಾನು ಅದನ್ನು ಮಗುಚಿ, ಒಂದೊಂದೇ ಸ್ಟಡ್ ಮುಟ್ಟಿ ನೋಡಿದೆ.