ಗುಳ್ಳೆ ಕಾಯುತ್ತಿದ್ದ ಮೇಡಂ

ಚಾಮರಾಜಪೇಟೆಯ ನನ್ನ ಲೇಥ್ ಅಂಗಡಿಗೆ ಕಾಲೇಜಿನ ಮೇಡಂ ಒಬ್ಬರು ಬರುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಮಣ್ಣಿನ ಪುಟ್ಟ ಕಟ್ಟೆ ಕಟ್ಟಿ, ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವವರು. ಅವರ ಸೆನ್ಸರಿಗೆ ಬೆರಳುಗುರಿನಷ್ಟು ಹಿತ್ತಾಳೆ ಮುಚ್ಚಳ ಮಾಡಿಕೊಡುತ್ತಿದ್ದವನು ನಾನು. "ಒಳಗೆ ಒಂದು ಗಾಳಿಗುಳ್ಳೆ ಉಳಿದ್ರೂ ನೀರಿನ ಮಾತು ನಮಗೆ ಕೇಳ್ಸಲ್ಲ ಕಣ್ರೀ," ಅನ್ನುತ್ತಲೇ ಇರೋರು.

ಒಂದು ಮಧ್ಯಾಹ್ನ, "ನಾಳೆ ಕಟ್ಟೆಗೆ ನೀರು ತುಂಬಬೇಕು, ಸೆನ್ಸರ್ ತಪ್ಪು ತೋರಿಸ್ತಿದೆ," ಅಂತ ಬಂದರು.

"ನನ್ ಕೆಲಸದಲ್ಲಿ ಗಾಳಿ ಕೂರೋ ಸಂದು ಇರಲ್ಲ ಮೇಡಂ," ಅಂದೆ ಬಿಗುವಾಗಿ.

ಅವರು ಸೆನ್ಸರನ್ನು ನನ್ನ ನೀರಿನ ಲೋಟಕ್ಕೆ ಇಳಿಸಿ, ಗಲ್ಲಕ್ಕೆ ಕೈಕೊಟ್ಟು ಕೂತರು. ಲೇಥ್ ನಿಲ್ಲಿಸಿ ನಾನೂ ಕೂತೆ. ಬೀದಿಯ ಸದ್ದೆಲ್ಲ ದೂರ ಹೋದ ಹಾಗಾಯಿತು. ಎಷ್ಟೋ ಹೊತ್ತಿಗೆ, ಮುಚ್ಚಳದಲ್ಲಿ ನಾನೇ ಕೊರೆದ ತಿರುಪಿನ ಸಂದಿನಿಂದ ಸಾಸಿವೆಯಷ್ಟು ಗುಳ್ಳೆಯೊಂದು ಬಿಡಿಸಿಕೊಂಡು ಮೇಲೆದ್ದಿತು.

"ಎಷ್ಟು ಚೆನ್ನಾಗಿ ಎದ್ದು ಬಂತು ನೋಡಿ," ಅಂದರು. ನನ್ನ ಮುಖ ಮಾತ್ರ ನೋಡಲಿಲ್ಲ.

ನಾನು ಹೊಸ ಹಿತ್ತಾಳೆ ಕಡ್ಡಿ ಲೇಥಿಗೆ ಕಚ್ಚಿಸಿದೆ.