ಕೆಳಗೆ ಬೀಳದ ಮೈನ್ ಸ್ವಿಚ್

ಅತ್ತೆಯವರ ಆಕ್ಸಿಜನ್ ಮೆಷಿನ್ ನಿಲ್ಲಬಾರದೆಂದೇ ನಾವು ಕೋಡಿಂಬಾಳದ ಮನೆಯ ಮಾಡಿಗೆ ಸೋಲಾರ್ ಹಾಕಿಸಿದ್ದು. ಮೊದಲ ಸಲ ಕರೆಂಟು ಹೋದಾಗ ಹೊರಗೆ ಹಪ್ಪಳ ಒಣಗುವಷ್ಟು ಬಿಸಿಲು. ಆದರೂ ಮೆಷಿನ್ ನಿಂತಿತು. ಸೋಲಾರ್ ಹಾಕಿದವರಿಗೆ ಫೋನ್ ಮಾಡಿದೆ.

"ಬ್ಯಾಟರಿ ಇಲ್ಲದ್ದು ಅಕ್ಕ, ಲೈನ್ ಹೋದ್ರೆ ಇದೂ ನಿಲ್ಲುದೇ. ಇಲ್ಲದಿದ್ರೆ ಇಲ್ಲಿಯ ಕರೆಂಟು ಲೈನಿಗೆ ಹೋಗ್ತದೆ. ಕಂಬದಲ್ಲಿ ಕೆಲಸ ಮಾಡುವವ ಸಾಯ್ತಾನೆ."

"ಸೂರ್ಯನಿಗೂ ಕಂಬದ ಅಪ್ಪಣೆ ಬೇಕಾ ಮಾರಾಯ್ತಿ?" ಎಂದು ಅತ್ತೆ ಏದುಸಿರಿನಲ್ಲೇ ನಕ್ಕರು.

ಆಮೇಲೆ ನನ್ನವರು ಸಣ್ಣ ಜನರೇಟರ್ ತಂದರು. ಅದರ ವಯರನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಇಡೀ ಮನೆಗೆ ಕರೆಂಟು. ಆ ಕರೆಂಟೂ ಹೊರಗಿನ ಲೈನಿಗೆ ಹೋಗಬಾರದೆಂದು ನಾನು ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಒಂದು, ಮೈನ್ ಸ್ವಿಚ್ ಕೆಳಗೆ. ಎರಡು, ಜನರೇಟರ್. ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರ, ಮೊದಲನೆಯ ಸಾಲಿನ ಕೆಳಗೆ ಎರಡು ಗೆರೆ.

ನಮ್ಮಲ್ಲಿ ತಂತಿಗೆ ತೆಂಗಿನ ಮಡಲು ಬಿದ್ದರೆ ಲೈನ್‌ಮ್ಯಾನ್‌ಗೆ ಕಾಯುವ ಕ್ರಮ ಇರಲಿಲ್ಲ. ಕೆಳಗಿನ ಮನೆಯ ಯಜಮಾನರು ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಬಂದು, ಅಡಿಕೆ ಕೊಯ್ಯುವ ಉದ್ದನೆಯ ಕಾರ್ಬನ್ ದೋಟಿಯಿಂದ ಮಡಲನ್ನು ಸರಿಸುತ್ತಿದ್ದರು. ಆ ಟ್ರಾನ್ಸ್‌ಫಾರ್ಮರಿಗೆ ಇದ್ದದ್ದು ಮೂರೇ ಮನೆ. ಫ್ಯೂಸ್ ಜೇಬಿನಲ್ಲಿದ್ದರೆ ತಂತಿ ಸತ್ತಂತೆ ಎಂದು ಎಲ್ಲರ ನಂಬಿಕೆ.

ಆ ಮಧ್ಯಾಹ್ನ ಗಾಳಿಗೆ ಕರೆಂಟು ಹೋಯಿತು. ನನ್ನವರು ಕಡಬಕ್ಕೆ ಹೋಗಿದ್ದರು. ಅಂಗಳದಾಚೆಯಿಂದ ಕೆಳಗಿನ ಮನೆಯವರು ಕೂಗಿದ್ದು ಕೇಳಿಸಿತು.

"ಅಕ್ಕ, ಮಡಲು ಬಿದ್ದದ್ದು. ಐದು ನಿಮಿಷ, ಈಗ ತೆಗೀತೇನೆ."

ಅತ್ತೆಯ ಉಗುರಿನ ಬುಡ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ನಾನು ಐದು ನಿಮಿಷ ಕಾಯಲಿಲ್ಲ. ವಯರು ಸಿಕ್ಕಿಸಿದೆ, ಜನರೇಟರಿನ ಹಗ್ಗ ಎಳೆದೆ. ಮೆಷಿನ್ ಗುಂಯ್ ಎಂದಿತು. ಆಗ ಚೀಟಿ ಕಣ್ಣಿಗೆ ಬಿತ್ತು. ಮೈನ್ ಸ್ವಿಚ್ ಮೇಲೆಯೇ ಇತ್ತು. ಅದನ್ನು ಕೆಳಗೆ ಹಾಕಲು ಓಡುವಾಗಲೇ ಗೇಟಿನ ಕಡೆಯಿಂದ ಕೆಳಗಿನ ಮನೆಯವರ ಹೆಂಡತಿಯ ಕೂಗು.

ದೋಟಿಯಿಂದ ಕರೆಂಟು ಹೊಡೆದರೂ ಅವರು ಬದುಕಿದರು. ಪುತ್ತೂರಿನ ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಯ ಕೆಳಗೆ ತೆಗೆದರು. ಅಂಗಿಯ ಜೇಬಿನಲ್ಲಿ ಫ್ಯೂಸ್ ಹಾಗೆಯೇ ಇತ್ತು.

ನೋಡಲು ಹೋದಾಗಲೆಲ್ಲ ಅವರದ್ದು ಒಂದೇ ಪ್ರಶ್ನೆ. "ಫ್ಯೂಸ್ ಕಿತ್ತಿದ್ದೆ ಅಲ್ವಾ ಅಕ್ಕ, ಮತ್ತೆ ಎಲ್ಲಿಂದ ಬಂತು?"

ಮೂರನೆಯ ಸಲ ಹೇಳಿಬಿಟ್ಟೆ. ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಅವರ ಹೆಂಡತಿ ನಾನು ತಂದಿದ್ದ ಗಂಜಿಯ ಪಾತ್ರೆಯನ್ನು ಮುಚ್ಚಳ ತೆಗೆಯದೆ ನನ್ನ ಚೀಲಕ್ಕೆ ಹಾಕಿದರು.

ಈಗ ಮಡಲು ಬಿದ್ದರೆ ಯಾರೂ ತೆಗೆಯುವುದಿಲ್ಲ. ಲೈನ್‌ಮ್ಯಾನ್ ಬರುವವರೆಗೆ ಆಮೇಲೆ ತಂದಿಟ್ಟ ಆಕ್ಸಿಜನ್ ಸಿಲಿಂಡರಿನ ಮುಳ್ಳು ಇಳಿಯುವುದನ್ನು ನೋಡುತ್ತಾ ಅತ್ತೆಯ ಮಂಚದ ಬಳಿ ಕೂತಿರುತ್ತೇನೆ.

"ಕೆಳಗಿನ ಮನೆಯವ ಎಂತ ಈಚೆ ಬರುದೇ ಇಲ್ಲ?" ಎಂದು ಅತ್ತೆ ಕೇಳುತ್ತಾರೆ.

ಅವರಿಗೆ ನಾವು ಹೇಳಿಲ್ಲ.