ಓದದೆ ಹಾಕಿದ ಹದಿನಾಲ್ಕು ಸಹಿ

ತಮಿಳುನಾಡಿನ ಗಡಿಯೂರು ಹೊಸೂರಿನ ಹೊರಗೆ, ಜೂಜುವಾಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆ ಶ್ಯಾಮಣ್ಣನ ಮೆಸ್ಸು ಇದೆ. ಅಲ್ಲಿ ಹನ್ನೊಂದು ವರ್ಷದಿಂದ ಮುದ್ದೆ ಮಾಡುವವಳು ಲಕ್ಷ್ಮೀದೇವಮ್ಮ. ದಿನಕ್ಕೆ ನೂರ ಎಂಬತ್ತು ಮುದ್ದೆ, ಶನಿವಾರ ಇನ್ನೂ ಇಪ್ಪತ್ತು ಮೂವತ್ತು ಹೆಚ್ಚು. ಎಸರು ಮರಳುವಾಗ ಹಿಟ್ಟು ಸುರಿದು, ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಅದು ಅಲುಗದಂತೆ ಸಿಕ್ಕಿಸಿದ ಕವೆಗೋಲನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಇನ್ನೊಂದು ಕೋಲಿನಿಂದ ತಿರುವಬೇಕು. ಒಂದು ಗಂಟು ಉಳಿದರೂ ಲಾರಿಯವರು ಬಿಡುವುದಿಲ್ಲ. ಅವಳ ಕೈಯ ಮುದ್ದೆಯಲ್ಲಿ ಗಂಟು ಸಿಕ್ಕಿತೆಂದು ಹೇಳಿದವರು ಇದುವರೆಗೆ ಇಬ್ಬರೇ. ಅದರಲ್ಲಿ ಒಬ್ಬ ಕುಡಿದಿದ್ದ.

ಗಂಡ ಹನುಮಯ್ಯ ಮಾಲೂರು ಕಡೆಯವನು. ಮದುವೆಯಾದ ಮರುವರ್ಷವೇ ಹೆಂಡತಿಯನ್ನು ಕರೆದುಕೊಂಡು ಹೊಸೂರಿಗೆ ಬಂದು, ಲಾರಿಯ ಭಾಗಗಳನ್ನು ಮಾಡುವ ಫ್ಯಾಕ್ಟರಿಯೊಂದಕ್ಕೆ ಸೇರಿದ. ಇರುವವಳು ಒಬ್ಬಳೇ ಮಗಳು, ಕೋಮಲಾ. ಹೊಸೂರಿನಲ್ಲೇ ತಮಿಳು ಶಾಲೆಯಲ್ಲಿ ಓದಿ, ಈಗ ಇನ್ನೊಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಲಕ್ಷ್ಮೀದೇವಮ್ಮ ಊರಿನಲ್ಲಿ ನಾಲ್ಕನೆಯ ತರಗತಿವರೆಗೆ ಕನ್ನಡ ಓದಿದವಳು. ಬೀದಿ, ಅಂಗಡಿಯ ತಮಿಳನ್ನು ನೀರು ಕುಡಿದಂತೆ ಮಾತಾಡುತ್ತಾಳೆ, ಆದರೆ ಒಂದಕ್ಷರ ಓದಲಾರಳು. ಹೊಸೂರಿನಲ್ಲಿ ಅಂಥವರು ಬೀದಿಗೆ ಹತ್ತು ಜನ ಸಿಗುತ್ತಾರೆ.

ಅವಳ ತೂಕ ನೂರ ಇಪ್ಪತ್ತೊಂದು ಕಿಲೋಗೆ ಬಂದಿತ್ತು. ಎರಡೂ ಮಂಡಿ ಸವೆದಿದ್ದವು. ಬಸ್ಸಿನ ಮೆಟ್ಟಿಲು ಹತ್ತಬೇಕಾದರೆ ಹಿಂದಿನಿಂದ ಒಬ್ಬರು ತಳ್ಳಬೇಕು. ತೂಕ ಇಳಿಸದೆ ಮಂಡಿಗೆ ಏನೂ ಮಾಡಲಾಗದು ಎಂದು ಮೂಳೆ ಡಾಕ್ಟರು ಎರಡು ಸಲ ಹೇಳಿದ್ದರು. ಒಂದು ದಿನ ಮೆಸ್ಸಿನಲ್ಲಿ ಅವಳು ಕೂತ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿಯಿತು.

“ಯಕ್ಕಾ, ಮಾಡಿದ್ದೆಲ್ಲಾ ನಮ್ಗೇ ಇಕ್ಕುತೀಯೋ, ಅರ್ಧ ನೀನೇ ನುಂಗ್ಬುಡ್ತೀಯೋ?” ಎಂದ ಒಬ್ಬ ಡ್ರೈವರ್.

“ನಿನ್ ಹೊಟ್ಟೆ ನೋಡ್ಕಳ್ಳಲಾ, ಸ್ಟೇರಿಂಗ್ ಮುಟ್ತದೆ” ಎಂದಳು ಅವಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮನೆಗೆ ಬಂದ ಮೇಲೆ ಪೆಟ್ಟು ಬಿದ್ದ ಜಾಗದ ಕಂದಿದ ಗುರುತನ್ನು ಮಗಳಿಗೆ ತೋರಿಸಿ ಅತ್ತಳು.

ಕೋಮಲಾಳಿಗೆ ಅದನ್ನು ನೋಡಲಾಗಲಿಲ್ಲ. ಫೋನಿನಲ್ಲಿ ಹುಡುಕಿ ಹುಡುಕಿ ವಿಡಿಯೋ ತೋರಿಸಿದಳು. ಹೊಟ್ಟೆಯ ಚೀಲವನ್ನು ಕತ್ತರಿಸಿ ಬಾಳೆಕಾಯಿಯಷ್ಟು ಸಣ್ಣದು ಮಾಡುವ ಆಪರೇಷನ್. ಐದು ಸಣ್ಣ ತೂತು, ಮೂರು ದಿನ ಆಸ್ಪತ್ರೆ. ಹನುಮಯ್ಯನ ಫ್ಯಾಕ್ಟರಿಯ ಇನ್ಶೂರೆನ್ಸ್ ಕಾರ್ಡಿಗೆ ಅದು ಬರುತ್ತದೆಂದೂ ವಿಚಾರಿಸಿಕೊಂಡು ಬಂದಳು. “ಚೆನ್ನಾಗಿರೋ ಹೊಟ್ಟೆನ ಕುಯ್ಸೋದಾ?” ಎಂದು ಹನುಮಯ್ಯ ಒಂದು ವಾರ ಗೊಣಗಿದ. ಆಮೇಲೆ ಅವನೂ ಸುಮ್ಮನಾದ.

ಹೊಸೂರಿನ ಆಸ್ಪತ್ರೆಯಲ್ಲಿ ನೋಡಿದವರು ಡಾಕ್ಟರ್ ಗೋಪೀನಾಥ. ಒಳಗೆ ಹೋದವಳೇ ಲಕ್ಷ್ಮೀದೇವಮ್ಮ “ವಣಕ್ಕಂ ಸಾರ್” ಎಂದಳು. ಆಸ್ಪತ್ರೆ, ಆಫೀಸು, ಬ್ಯಾಂಕು ಎಂದರೆ ಅವಳ ಬಾಯಿಗೆ ತಾನಾಗಿ ತಮಿಳು ಬರುತ್ತದೆ. ಅವರೂ ತಮಿಳಿನಲ್ಲೇ ಮಾತಾಡಿದರು. ಸಕ್ಕರೆ ಕಾಯಿಲೆ ಇದೆಯೇ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ಕೇಳಿ, ಕೊನೆಗೆ ದಿನಾ ಏನು ತಿನ್ನುತ್ತೀರಿ ಎಂದರು.

“ಇಡ್ಲಿ ಸಾರ್, ಚಪಾತಿ ಸಾರ್” ಎಂದಳು.

ಅವಳ ಮನೆಯಲ್ಲಿ ಚಪಾತಿ ಮಾಡುವುದು ತಿಂಗಳಿಗೆ ಒಂದು ಸಲ. ಅವಳು ತಿನ್ನುತ್ತಿದ್ದುದು ಎರಡೂ ಹೊತ್ತು ಮುದ್ದೆ. ಆದರೆ ಮುದ್ದೆಗೆ ತಮಿಳಿನಲ್ಲಿ ಕಳಿ ಎನ್ನಬೇಕು, ಮತ್ತು ಕಳಿ ತಿನ್ನುವುದು ಎಂದರೆ ಆ ಕಡೆಯವರ ಮಾತಿನಲ್ಲಿ ಜೈಲಿಗೆ ಹೋಗುವುದು. ಬಂದ ಹೊಸದರಲ್ಲಿ ಪಕ್ಕದ ಮನೆಯವರ ಮುಂದೆ ಹಾಗೆ ಹೇಳಿ, “ಎಷ್ಟು ವರ್ಷ ಶಿಕ್ಷೆಯಮ್ಮ?” ಎಂದು ಕೇಳಿಸಿಕೊಂಡು ನಗೆಪಾಟಲಾಗಿದ್ದಳು. ಓದಿದ ಡಾಕ್ಟರ ಎದುರು ಆ ಮಾತು ಅವಳ ಬಾಯಿಂದ ಬರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಸಹಿ. ಹದಿನಾಲ್ಕು ಹಾಳೆ, ಒಂದು ಬದಿ ಇಂಗ್ಲಿಷು, ಒಂದು ಬದಿ ತಮಿಳು. ಹಾಳೆಗಳನ್ನು ಮೊದಲು ಕೋಮಲಾಳ ಕೈಗೆ ಕೊಟ್ಟರು. ಅವಳು ಹೊರಗಿನ ಬೆಂಚಿನ ಮೇಲೆ ಕೂತು ಓದಿ, ಒಳಗೆ ಬಂದು, “ಎಲ್ಲಾ ಸರಿಯಾಗೈತಮ್ಮ, ಹಾಕು” ಎಂದಳು. ನರ್ಸು ಮೂಲೆ ಮಡಚಿ ಮಡಚಿ ತೋರಿಸಿದಳು. ಡಾಕ್ಟರು ಬಾಗಿಲಲ್ಲಿ ನಿಂತು, “ಏದಾವದು ಸಂದೇಹಂ ಇರುಕ್ಕಾ?” ಎಂದರು. ಏನಾದರೂ ಅನುಮಾನವಿದೆಯೇ ಎಂದು. ಅನುಮಾನ ಬರುವುದಕ್ಕೆ ಅವಳಿಗೆ ಏನಾದರೂ ತಿಳಿದಿರಬೇಕಲ್ಲ. “ಇಲ್ಲೆ ಸಾರ್” ಎಂದಳು.

ಅದು ಏಪ್ರಿಲ್ ತಿಂಗಳು. ಮೊದಲ ಎರಡು ವಾರ ನೀರು, ಬೇಳೆಕಟ್ಟು. ಆಮೇಲೆ ರುಬ್ಬಿದ್ದು. ಹೊಟ್ಟೆ ಹಸಿಯುತ್ತಿರಲಿಲ್ಲ, ನೋವೂ ಅಷ್ಟಿರಲಿಲ್ಲ. ಏಳನೆಯ ವಾರಕ್ಕೆ ಮೆತ್ತಗಿನದು ತಿನ್ನಬಹುದು ಎಂದು ಕೋಮಲಾ ಓದಿ ಹೇಳಿದ ಆಸ್ಪತ್ರೆಯ ಚೀಟಿಯಲ್ಲಿ ಇತ್ತು. ಇಡ್ಲಿ, ಕಿಚಡಿ, ಪನೀರು ಎಂದು ಬರೆದಿತ್ತು. ಎಲ್ಲವನ್ನೂ ಮೂವತ್ತು ಸಲ ಅಗಿಯಬೇಕು ಎಂದೂ ಬರೆದಿತ್ತು.

ಮುದ್ದೆಯ ಹೆಸರು ಅದರಲ್ಲಿ ಇರಲಿಲ್ಲ. ಆದರೆ ಮುದ್ದೆ ಇಡ್ಲಿಗಿಂತ ಮೆತ್ತಗೆ. ಮುದ್ದೆಯನ್ನು ಅಗಿಯುವವರು ಯಾರಿದ್ದಾರೆ? ಅಗಿದರೆ ಹಲ್ಲಿಗೆ ಹತ್ತುತ್ತದೆ, ಮಕ್ಕಳಿಗೆ ಮೊದಲು ಕಲಿಸುವುದೇ ಸಾರಿನಲ್ಲಿ ಅದ್ದಿ ನುಂಗುವುದನ್ನು. ಏಳನೆಯ ವಾರದ ಮಂಗಳವಾರ ಮೆಸ್ಸಿನಲ್ಲಿ ಬಸ್ಸಾರು ಮಾಡಿದ್ದರು. ಲಕ್ಷ್ಮೀದೇವಮ್ಮ ನಿಂಬೆಹಣ್ಣಿನ ಅರ್ಧದಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದಳು.

ಅದು ಎದೆಯ ನಡುವೆ ನಿಂತಿತು. ಕೆಳಗೂ ಇಳಿಯದು, ಮೇಲಕ್ಕೂ ಬಾರದು. ಒಂದು ಗುಟುಕು ನೀರು ಕುಡಿದಳು, ನೀರು ಹಾಗೇ ವಾಪಸ್ಸು ಬಂತು. ಆಮೇಲೆ ಉಗುಳೂ ಇಳಿಯದೆ ಬಾಯಿ ತುಂಬತೊಡಗಿತು. ಶ್ಯಾಮಣ್ಣ ಗಾಬರಿಯಾಗಿ ಬೆನ್ನಿಗೆ ಗುದ್ದಿದ. “ಗುದ್ಬ್ಯಾಡ ಕಣಣ್ಣ, ಸಾಯ್ತೀನಿ” ಎಂದು ಕೈಸನ್ನೆ ಮಾಡಿದಳು. ಆಸ್ಪತ್ರೆ ಸೇರುವಾಗ ಮೂರು ಗಂಟೆ ಕಳೆದಿತ್ತು.

ಬಾಯಿಯೊಳಗೆ ಕೊಳವೆ ಬಿಟ್ಟು ಅದನ್ನು ತೆಗೆದರು. ಆಗ ಕಂಡದ್ದು ಬೇರೆ. ಕತ್ತರಿಸಿ ಹೊಲಿದ ಚೀಲ ನಡುವಿನಲ್ಲಿ ಮುದುಡಿ ಕಿರಿದಾಗಿತ್ತು. ಅದು ಮುದ್ದೆಯಿಂದ ಆದದ್ದಲ್ಲ, ಮೊದಲಿಂದಲೇ ಆಗುತ್ತಾ ಬಂದಿತ್ತು. ಮುದ್ದೆ ಹೋಗಿ ಅಲ್ಲಿ ಸಿಕ್ಕಿಕೊಂಡಿತು ಅಷ್ಟೆ. ಬಲೂನು ಬಿಟ್ಟು ಹಿಗ್ಗಿಸಿದರು. ಎರಡು ತಿಂಗಳಿಗೆ ಮತ್ತೆ ಕಿರಿದಾಯಿತು. ಮತ್ತೆ ಹಿಗ್ಗಿಸಿದರು. ಮತ್ತೆ ಗಂಜಿಯೂ ವಾಂತಿಯಾಗತೊಡಗಿತು. ತಲೆಕೂದಲು ಹಿಡಿ ಹಿಡಿ ಬಂತು. ಪಾದಕ್ಕೆ ಜೋಮು ಹಿಡಿದು, ಚಪ್ಪಲಿ ಜಾರಿದರೂ ತಿಳಿಯದಾಯಿತು. ಅದಕ್ಕೆ ವಿಟಮಿನ್ ಇಂಜೆಕ್ಷನ್ ಶುರುವಾಯಿತು.

ಜನವರಿಗೆ ತೂಕ ಎಪ್ಪತ್ನಾಲ್ಕು. ಮಂಡಿ ನೋವು ಮುಕ್ಕಾಲು ಪಾಲು ಹೋಗಿತ್ತು, ಅದು ಸುಳ್ಳಲ್ಲ. ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತುತ್ತಿದ್ದಳು. ಬೀದಿಯ ಹೆಂಗಸರು ನಿಲ್ಲಿಸಿ, “ಎಂಗಮ್ಮ ಇಷ್ಟ್ ತೆಳ್ಗಾದೆ? ನಮ್ಗೂ ಹೇಳ್ಕೊಡು” ಎನ್ನುತ್ತಿದ್ದರು. ಬೆನ್ನು ತಿರುಗಿಸಿದ ಮೇಲೆ, “ಏನೋ ದೊಡ್ಡ ಕಾಯ್ಲೆ ಇರ್ಬೇಕು” ಎನ್ನುತ್ತಿದ್ದರು. ಎರಡನ್ನೂ ಅವಳು ಕೇಳಿಸಿಕೊಂಡಳು.

ಆ ತಿಂಗಳಲ್ಲೇ ಡಾಕ್ಟರು ಹೇಳಿದರು: ಇನ್ನೊಂದು ದೊಡ್ಡ ಆಪರೇಷನ್ ಮಾಡಿ, ಚೀಲದ ಆ ಭಾಗವನ್ನೇ ಬಿಟ್ಟು ಕರುಳಿಗೆ ಬೇರೆ ದಾರಿ ಜೋಡಿಸಬಹುದು. ಮನೆಗೆ ಕೊಂಡುಹೋಗಿ ಓದಿ, ಗುರುವಾರ ಸಹಿ ಹಾಕಿಕೊಂಡು ಬನ್ನಿ. ಈ ಸಲ ಹನ್ನೊಂದು ಹಾಳೆ.

ಭಾನುವಾರ ಮಧ್ಯಾಹ್ನ ಮೆಸ್ಸಿನ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ, ಅವಳು ಕೋಮಲಾಳನ್ನು ಕೂರಿಸಿದಳು. “ಓದು. ಒಂದೊಂದೇ ಸಾಲು. ಕನ್ನಡದಾಗೆ ಹೇಳು.”

ಕೋಮಲಾ ಎರಡು ಹಾಳೆ ಓದಿದಳು. ಮೂರನೆಯದರಲ್ಲಿ ನಿಂತಳು.

“ಯಾಕೆ, ಅಕ್ಷರ ಕಾಣ್ಸಲ್ವಾ?”

“ಇದು ಅವತ್ತಿನ ಹಾಳೆನಾಗೂ ಇತ್ತಮ್ಮ.”

“ಯಾವ್ದು?”

“ಹೊಲಿದಿದ್ದು ಕಿರಿದಾಗ್ಬೋದು. ಸೋರ್ಬೋದು. ಎರಡ್ನೇ ಆಪರೇಷನ್ ಬೇಕಾಗ್ಬೋದು. ಸಾಯೋಗಂಟ ವಿಟಮಿನ್ ತಗೋಬೇಕು. ಎಲ್ಲಾ ಇತ್ತು.” ಕೋಮಲಾ ಹಾಳೆಯಿಂದ ತಲೆ ಎತ್ತಲಿಲ್ಲ. “ಹೇಳಿದ್ರೆ ನೀನು ಹೆದ್ರಿ ಎದ್ದ್ ಬಂದ್ಬುಡ್ತೀಯ ಅಂತ ಹೇಳ್ನಿಲ್ಲ. ನೂರ್ರಲ್ಲಿ ಒಬ್ರಿಗೋ ಇಬ್ರಿಗೋ ಅಂತಿತ್ತು. ನಮ್ಗೆ ಯಾಕಾಗ್ತದೆ ಅಂದ್ಕಂಡೆ.”

ಲಕ್ಷ್ಮೀದೇವಮ್ಮ ಮಗಳ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಮಡಚಿದಳು. ಆಮೇಲೆ ಅಂದಳು: “ಹೆದ್ರಿದ್ರೆ ನಾನು ಹೆದ್ರುತಿದ್ದೆ. ಹೊಟ್ಟೆ ನಂದು ಕಣಮ್ಮಿ. ಹೆದ್ರೋಕೂ ನನ್ಗೆ ಬಿಡ್ನಿಲ್ವಲ್ಲ ನೀನು.”

ಎರಡು ದಿನ ತಾಯಿ ಮಗಳ ನಡುವೆ ಮಾತಿಲ್ಲ. ಹನುಮಯ್ಯ ನಡುವೆ ಸಿಕ್ಕಿಕೊಂಡು, “ಹೆತ್ತ ಮಗು ಮೇಲೆ ಎಷ್ಟ್ ದಿನಾಮ್ಮಿ ಸಿಟ್ಟು?” ಎಂದ. “ಅವ್ಳ ಮೇಲೆ ಅಲ್ಲ” ಎಂದಳು. ಯಾರ ಮೇಲೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಲು ಅವಳಿಗೂ ತಿಳಿಯುತ್ತಿರಲಿಲ್ಲ. ಮಗಳು ಮುಚ್ಚಿಟ್ಟಳು. ತಾನೇ ಇಡ್ಲಿ ಚಪಾತಿ ಎಂದು ಹೇಳಿಬಂದಳು. ಡಾಕ್ಟರು ಒಂದೇ ಒಂದು ಸಲ ಕೇಳಿ ಹೋದರು.

ಬುಧವಾರ ಅವಳೇ ಹಾಳೆಗಳನ್ನು ತಂದು ಮಗಳ ಮುಂದೆ ಇಟ್ಟಳು. “ಮೂರನೇದ್ರಿಂದ ಓದು.” ಹನ್ನೊಂದೂ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ತಿಳಿಯದ ಕಡೆ ನಿಲ್ಲಿಸಿ, ಮತ್ತೆ ಹೇಳಿಸಿ, ಹಳೆಯ ಕ್ಯಾಲೆಂಡರಿನ ಹಿಂದೆ ತನ್ನ ದಪ್ಪ ಅಕ್ಷರದಲ್ಲಿ ಬರೆದುಕೊಂಡಳು. ಒಂಬತ್ತು ಪ್ರಶ್ನೆ ಆದವು.

ಗುರುವಾರ ಡಾಕ್ಟರ ಮುಂದೆ ಕೂತು ಮೊದಲನೆಯದನ್ನು ತಮಿಳಿನಲ್ಲಿ ಶುರು ಮಾಡಿದಳು. ಅರ್ಧಕ್ಕೆ ಮಾತು ಕೈಕೊಟ್ಟಿತು. ಕೋಮಲಾಳ ಕಡೆ ತಿರುಗಿ, “ಕರುಳು ಜೋಡ್ಸಿದ್ ಮೇಲೆ ತಿಂದಿದ್ದು ಮೈಗೆ ಹತ್ತಲ್ಲ ಅಂತ ಅಂದ್ಯಲ್ಲ, ಅದನ್ನ ಹೆಂಗೆ ಕೇಳೋದೇ?” ಎಂದಳು.

“ಹಂಗೇ ಕೇಳಿ ತಾಯಿ” ಎಂದರು ಡಾಕ್ಟರು, ಕನ್ನಡದಲ್ಲಿ.

“ಸಾರ್, ನೀವು ಕನ್ನಡದೋರಾ?”

“ನಮ್ ತಾತನ ಕಾಲದಿಂದ ಹಳೇ ಹೊಸೂರು. ಮನೆಯಲ್ಲೆಲ್ಲ ಕನ್ನಡವೇ. ನೀವು ತಮಿಳಲ್ಲಿ ಬಂದ್ರಿ, ನಾನೂ ತಮಿಳಲ್ಲೇ ಹೋದೆ.”

“ಅಯ್ಯೋ ನಿಮ್ಮ! ನೀವು ತಮಿಳೋರು ಅಂತ ನಾನು ಕಷ್ಟ ಬಿದ್ದು ಮಾತಾಡಿದ್ನಲ್ಲ ಸಾರ್ ಒಂಬತ್ತು ತಿಂಗ್ಳು!”

ಮೂವರೂ ನಕ್ಕರು. ಅವಳ ನಗು ಮೊದಲು ನಿಂತಿತು. ಕ್ಯಾಲೆಂಡರಿನ ಹಾಳೆ ಬಿಡಿಸಿ ಒಂದೊಂದೇ ಕೇಳಿದಳು. ಈ ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ? ಬಲೂನು ಇನ್ನೊಂದು ಸಲ ಆಗುವುದಿಲ್ಲವೇ? ಆಗುತ್ತದೆ ಎಂದರು ಡಾಕ್ಟರು. ಮೂರನೆಯ ಸಲಕ್ಕೆ ಹಿಗ್ಗಿಸಿದ್ದು ಹಾಗೇ ನಿಂತವರೂ ಇದ್ದಾರೆ, ನಿಲ್ಲದವರೂ ಇದ್ದಾರೆ. ನಿಲ್ಲದಿದ್ದರೆ ದೊಡ್ಡದು ಮಾಡಲೇಬೇಕು, ಆದರೆ ಇವತ್ತೇ ಮಾಡಬೇಕೆಂದೇನೂ ಇಲ್ಲ. ಕುಡಿಯುವುದು ಇಳಿಯುತ್ತಿರಬೇಕು, ಇಂಜೆಕ್ಷನ್ ತಪ್ಪಬಾರದು, ಅಷ್ಟು ಮುಖ್ಯ.

“ಹಿಟ್ಟು ತಿನ್ಬೋದಾ ಸಾರ್, ಯಾವತ್ತಾದ್ರೂ?”

“ಯಾವ ಹಿಟ್ಟು?”

“ಮುದ್ದೆ. ಹಲ್ಲು ಬಂದಾಗಿಂದ ಎರಡೊತ್ತೂ ಅದೇ.”

ಡಾಕ್ಟರು ಕಂಪ್ಯೂಟರಿನಲ್ಲಿ ನೋಡಿದರು. ಅಲ್ಲಿ ಇಡ್ಲಿ, ಚಪಾತಿ ಎಂದು ಇತ್ತು. “ಮೊದಲೇ ಹೇಳಿದ್ರೆ ನುಂಗಬೇಡಿ ಅಂತ ಹೇಳ್ತಿದ್ನಲ್ಲ.”

“ಕಳಿ ಅನ್ಬೇಕಿತ್ತಲ್ಲ ಸಾರ್. ನಾಚ್ಕೆ ಆಯ್ತು.”

ಅವರು ಕಂಪ್ಯೂಟರಿನಲ್ಲಿ ಮುದ್ದೆ ಎಂದು ಸೇರಿಸಿ, “ನಾನೂ ಬಾಗಿಲಲ್ಲೇ ನಿಂತು ಕೇಳಿದೆ. ಕೂತು ಕೇಳಬೇಕಿತ್ತು” ಎಂದರು. ಮುದ್ದೆಯನ್ನು ಉಂಡೆಯಾಗಿ ನುಂಗುವುದು ಇನ್ನಿಲ್ಲ, ರಾಗಿಯನ್ನು ಅಂಬಲಿಯಾಗಿ ಕುಡಿಯಬಹುದು ಎಂದೂ ಹೇಳಿದರು.

ಒಂಬತ್ತನೆಯ ಪ್ರಶ್ನೆ ಕಾಗದದಲ್ಲಿ ಇತ್ತು, ಅವಳು ಕೇಳಲಿಲ್ಲ. ಮೊದಲೇ ಎಲ್ಲ ತಿಳಿದಿದ್ದರೆ ನಾನು ಒಪ್ಪುತ್ತಿದ್ದೆನೇ ಎಂದು ಬರೆದುಕೊಂಡಿದ್ದಳು. ಅದಕ್ಕೆ ಡಾಕ್ಟರು ಉತ್ತರ ಕೊಡಲಾರರು ಎಂದು ಅಲ್ಲಿ ಕೂತಾಗ ತಿಳಿಯಿತು. ಮಂಡಿ ನೆನೆದರೆ ಒಪ್ಪುತ್ತಿದ್ದೆ ಅನಿಸುತ್ತಿತ್ತು. ವಾಂತಿ ಮಾಡಿದ ರಾತ್ರಿಗಳನ್ನು ನೆನೆದರೆ ಇಲ್ಲ ಅನಿಸುತ್ತಿತ್ತು.

“ಬಲೂನು ಇನ್ನೊಂದ್ ಸಲ ಹಾಕಿ ಸಾರ್. ಆಗ್ನಿಲ್ಲ ಅಂದ್ರೆ ನಾನೇ ಬತ್ತೀನಿ” ಎಂದು, ಹನ್ನೊಂದು ಹಾಳೆಗಳನ್ನು ಸಹಿ ಇಲ್ಲದೆ ಮೇಜಿನ ಮೇಲೆ ಇಟ್ಟಳು. ಬಲೂನಿನ ಕಾಗದ ಎರಡೇ ಪುಟ. ಅದನ್ನು ಡಾಕ್ಟರೇ ಕನ್ನಡದಲ್ಲಿ ಓದಿ ಹೇಳಿದರು. ಕೇಳಿ ಸಹಿ ಹಾಕಿದಳು.

ಫೆಬ್ರವರಿ ಹತ್ತಕ್ಕೆ ಬಲೂನು ಆಯಿತು. ಈಗ ಏಳು ವಾರ. ಮೆತ್ತಗೆ ಬೇಯಿಸಿದ ಅನ್ನ ಆರು ಚಮಚ ಇಳಿಯುತ್ತದೆ, ನಿಲ್ಲುತ್ತದೆ. ಏಳನೆಯ ಚಮಚಕ್ಕೆ ಎದೆ ಹಿಡಿಯುತ್ತದೆ. ಜೂನ್‌ನಲ್ಲಿ ಮತ್ತೆ ಕೊಳವೆ ಬಿಟ್ಟು ನೋಡುತ್ತಾರೆ. ಅಲ್ಲಿಯವರೆಗೆ ಏನೂ ಹೇಳುವಂತಿಲ್ಲ.

ಮೊನ್ನೆ ಬೀದಿಯ ಗಂಗಾದೇವಿ, ತೊಂಬತ್ತೆಂಟು ಕಿಲೋದವಳು, ಮೆಸ್ಸಿನವರೆಗೆ ಹುಡುಕಿಕೊಂಡು ಬಂದಳು. “ಆಪರೇಷನ್ ಮಾಡಿಸ್ಕಳ್ಳದಾ ಬ್ಯಾಡ್ವಾ? ಒಂದೇ ಮಾತಿನಾಗೆ ಹೇಳ್ಬುಡು.”

“ಒಂದೇ ಮಾತಿನಾಗೆ ಆಗಲ್ಲಕ್ಕ” ಎಂದಳು ಲಕ್ಷ್ಮೀದೇವಮ್ಮ. “ನಾಲ್ಕ್ ಗಂಟೆ ಮ್ಯಾಗೆ ಬಾ. ಈಗ ಎಸರು ಉಕ್ತೈತೆ.”

ನಾಲ್ಕೂಕಾಲಿಗೆ ಗಂಗಾದೇವಿ ಬಂದಳು. ಇಬ್ಬರೂ ಮಾತು ಮುಗಿಸಿ ಎದ್ದಾಗ ಆರು ಗಂಟೆಯಾಗಿತ್ತು.